ಮುಲಾಗೊ ಗುಡ್ಡದ ವಾರ್ಡು: ಉಗಾಂಡಾ ಕ್ಯಾನ್ಸರ್ ಸಂಸ್ಥೆ ಹುಟ್ಟಿದ್ದು ಹೇಗೆ, ಉಳಿದಿದ್ದು ಹೇಗೆ

ಒಂದು ಮಗುವಿನ ದವಡೆಯಿಂದ ಶುರು ಮಾಡುತ್ತೇನೆ. ಯಾಕೆಂದರೆ ಈ ಸಂಸ್ಥೆ ಶುರುವಾಗಿದ್ದೇ ಅಲ್ಲಿಂದ.

1957ನೇ ಇಸವಿ. ಉಗಾಂಡಾ ಆಗ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಐದು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಮುಖ ಎರಡೂ ಕಡೆ ಊದಿಕೊಂಡಿತ್ತು. ಹ್ಯೂ ಟ್ರೋವೆಲ್ ಎಂಬ ವೈದ್ಯರು ಸರ್ಜನ್ ಡೆನಿಸ್ ಬರ್ಕಿಟ್ ಅವರನ್ನು ಕರೆದು ತೋರಿಸಿದರು. ಮೇಲಿನ ದವಡೆಯ ಎರಡು ಬದಿ, ಕೆಳಗಿನ ದವಡೆಯ ಎರಡು ಬದಿ, ಹೀಗೆ ನಾಲ್ಕೂ ಕಡೆ ಗಡ್ಡೆ. ಹಲ್ಲಿನ ಕೀವಾದರೆ ಒಂದು ಕಡೆ ಊದುತ್ತದೆ. ಸಾಮಾನ್ಯ ಗಡ್ಡೆಯೂ ಒಂದು ಕಡೆಯಿಂದ ಬೆಳೆಯುತ್ತಾ ಹೋಗುತ್ತದೆ. ನಾಲ್ಕೂ ಮೂಲೆಯಲ್ಲಿ ಒಟ್ಟಿಗೆ ಹೇಗೆ ಬರುತ್ತದೆ? ಬರ್ಕಿಟ್‌ಗೆ ಉತ್ತರ ಹೊಳೆಯಲಿಲ್ಲ. ಫೋಟೊ ತೆಗೆದಿಟ್ಟುಕೊಂಡರು.

ಕೆಲವು ವಾರ ಕಳೆದು ಅವರು ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುವ ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದರು. ಕಿಟಕಿಯಿಂದ ಸುಮ್ನೆ ಹೊರಗೆ ನೋಡಿದರೆ, ಹುಲ್ಲಿನ ಮೇಲೆ ತಾಯಿ ಜೊತೆ ಕೂತಿದ್ದ ಒಂದು ಮಗುವಿನ ಮುಖ ಕಣ್ಣಿಗೆ ಬಿತ್ತು. ಅದೇ ಊತ. ಹೋಗಿ ನೋಡಿದರೆ ದವಡೆಯ ನಾಲ್ಕೂ ಕಡೆ ಗಡ್ಡೆ, ಹೊಟ್ಟೆಯಲ್ಲೂ ಗಡ್ಡೆ. ಒಂದು ಸಲ ಕಂಡರೆ ವಿಚಿತ್ರ ಅಂದು ಸುಮ್ಮನಾಗಬಹುದು. ಎರಡನೇ ಸಲವೂ ಕಂಡಾಗ ಹಾಗೆ ಬಿಡುವುದು ಕಷ್ಟ. ಮುಲಾಗೊಗೆ ವಾಪಸು ಬಂದು ಹಳೆ ಫೈಲುಗಳನ್ನು ತೆಗೆಸಿದರು. ದವಡೆಯಲ್ಲಿ ಗಡ್ಡೆ ಇದ್ದ ಮಕ್ಕಳು, ಹೊಟ್ಟೆಯಲ್ಲಿ ಗಡ್ಡೆ ಇದ್ದ ಮಕ್ಕಳು, ಬೇರೆ ಬೇರೆ ಕಾಯಿಲೆ ಅಂತ ಬರೆದಿಟ್ಟಿದ್ದೆಲ್ಲ ಒಂದೇ ಕಾಯಿಲೆ ಇರಬಹುದು ಅನ್ನಿಸತೊಡಗಿತು. 1958ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಮುಂದೆ ಅದು ಒಂದು ಬಗೆಯ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್, ಎಂದು ಗೊತ್ತಾಯಿತು. ಈಗ ಜಗತ್ತೆಲ್ಲ ಅದನ್ನು ಬರ್ಕಿಟ್ ಲಿಂಫೋಮಾ ಎಂದೇ ಕರೆಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕತೆಯನ್ನು ಒಬ್ಬ ಬಿಳಿ ವೈದ್ಯನ ಜಾಣತನದ ಕತೆ ಅಂತ ಹೇಳುವುದು ಸುಲಭ, ಸುಮಾರು ಕಡೆ ಹಾಗೇ ಹೇಳುತ್ತಾರೆ. ಆದರೆ ಮುಲಾಗೊದಲ್ಲಿ ತೆಗೆಸಿ ನೋಡಲು ಫೈಲುಗಳು ಇದ್ದವು ಅನ್ನುವುದೇ ದೊಡ್ಡ ವಿಷಯ. ಮಕೆರೆರೆ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗದವರು 1950ರ ದಶಕದಲ್ಲೇ ಕಂಪಾಲಾದಲ್ಲಿ ಕ್ಯಾನ್ಸರ್ ನೋಂದಣಿ ಶುರು ಮಾಡಿದ್ದರು. ಯಾರಿಗೆ, ಎಲ್ಲಿ, ಯಾವ ಗಡ್ಡೆ, ಎಲ್ಲ ಪುಸ್ತಕಕ್ಕೆ ಏರುತ್ತಿತ್ತು. ಆಫ್ರಿಕಾದಲ್ಲಿ ಕ್ಯಾನ್ಸರ್ ಇಲ್ಲವೇ ಇಲ್ಲ ಎಂದು ನಂಬಿದ್ದವರು ಬೇಕಾದಷ್ಟು ಜನರಿದ್ದ ಕಾಲ ಅದು. ನೋಂದಣಿ ಪುಸ್ತಕ ಇಲ್ಲದಿದ್ದರೆ ಬರ್ಕಿಟ್ ಎರಡು ಮಕ್ಕಳನ್ನು ನೋಡಿ ಅಯ್ಯೋ ಪಾಪ ಅಂದು ಮುಂದೆ ಹೋಗಬೇಕಾಗಿತ್ತು.

ಮುಂದಿನದು ಕಾರಿನ ಕತೆ. ಈ ಕಾಯಿಲೆ ಎಲ್ಲೆಲ್ಲಿದೆ ಎಂದು ತಿಳಿಯಬೇಕಲ್ಲ. ಮೊದಲು ಮಕ್ಕಳ ಫೋಟೊ ಇದ್ದ ಕರಪತ್ರಗಳನ್ನು ಅಚ್ಚು ಹಾಕಿಸಿ ಆಫ್ರಿಕಾದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು, ಇಂಥ ಮಕ್ಕಳನ್ನು ನೋಡಿದ್ದೀರಾ ಎಂದು ಕೇಳಿ. ಉತ್ತರ ಬಂದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿದಾಗ ಖಂಡದ ಮಧ್ಯಕ್ಕೆ ಒಂದು ಪಟ್ಟಿ ಸುತ್ತಿದ ಹಾಗೆ ಕಾಣಿಸಿತು. ಆ ಪಟ್ಟಿಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡಲು 1961ರ ಅಕ್ಟೋಬರಿನಲ್ಲಿ ಬರ್ಕಿಟ್ ಮತ್ತು ಅವರ ವೈದ್ಯ ಗೆಳೆಯರಾದ ಟೆಡ್ ವಿಲಿಯಮ್ಸ್, ಕ್ಲಿಫ್ ನೆಲ್ಸನ್, ಮೂವರೂ 250 ಪೌಂಡಿಗೆ ಕೊಂಡ ಒಂದು ಹಳೆ ಫೋರ್ಡ್ ಸ್ಟೇಷನ್ ವ್ಯಾಗನ್ ಹತ್ತಿ ಹೊರಟರು. ಹತ್ತು ವಾರ, 10,000 ಮೈಲಿ, 50ಕ್ಕೂ ಹೆಚ್ಚು ಆಸ್ಪತ್ರೆಗಳು. ಹೋದ ಕಡೆಯೆಲ್ಲ ಫೋಟೊ ತೋರಿಸುವುದು, ಕೇಳುವುದು, ಬರೆದುಕೊಳ್ಳುವುದು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರಿಗಿಂತ ಎತ್ತರದ ಊರುಗಳಲ್ಲಿ ಕಾಯಿಲೆ ಇರಲಿಲ್ಲ. ಚಳಿ ಜಾಸ್ತಿ ಇರುವಲ್ಲಿ ಇಲ್ಲ. ಮಳೆ ತೀರಾ ಕಡಿಮೆ ಇರುವಲ್ಲೂ ಇಲ್ಲ. ಸೊಳ್ಳೆ, ಮಲೇರಿಯಾ ಎಲ್ಲಿದೆಯೋ ಹೆಚ್ಚು ಕಡಿಮೆ ಅಲ್ಲೇ ಇದೂ ಇತ್ತು.

ಅದೇ ವರ್ಷದ ಮಾರ್ಚ್‌ನಲ್ಲಿ ಬರ್ಕಿಟ್ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾತಾಡಿದ್ದರು. ಕೇಳಲು ಬಂದವರಲ್ಲಿ ವೈರಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದ ಆಂಟನಿ ಎಪ್‌ಸ್ಟೀನ್ ಎಂಬ ವಿಜ್ಞಾನಿ ಇದ್ದರು. ಹವೆ, ಮಳೆಗೆ ತಕ್ಕ ಹಾಗೆ ಹರಡುವ ಕ್ಯಾನ್ಸರ್ ಎಂದರೆ ಅದರ ಹಿಂದೆ ವೈರಸ್ ಇರಬೇಕು ಅಂತ ಅವರಿಗೆ ಆಗಲೇ ಅನ್ನಿಸಿತು. ಕಂಪಾಲಾದಿಂದ ಮಕ್ಕಳ ಗಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಹೋಗತೊಡಗಿದವು. ಸುಮಾರು ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಒಂದು ದಿನ ಲಂಡನ್ನಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ತುಣುಕು ಕೈಗೆ ಸಿಗುವಾಗ ತಡವಾಗಿತ್ತು, ಅದಿದ್ದ ದ್ರವ ಕದಡಿ ಮಬ್ಬಾಗಿತ್ತು. ಕೆಟ್ಟುಹೋಯಿತು ಎಂದುಕೊಂಡು ಚೆಲ್ಲಿಬಿಡಬಹುದಿತ್ತು. ಎಪ್‌ಸ್ಟೀನ್ ಚೆಲ್ಲದೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಮಬ್ಬಿಗೆ ಕಾರಣ ಬ್ಯಾಕ್ಟೀರಿಯಾ ಆಗಿರಲಿಲ್ಲ, ಗಡ್ಡೆಯಿಂದ ಬಿಡಿಸಿಕೊಂಡು ತೇಲುತ್ತಿದ್ದ ಜೀವಂತ ಕೋಶಗಳಾಗಿದ್ದವು. ಅವನ್ನು ಬೆಳೆಸಿ, 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ವೈರಸ್ ಇತ್ತು. ಮನುಷ್ಯರಲ್ಲಿ ಕ್ಯಾನ್ಸರಿಗೆ ನಂಟಿರುವ ಮೊದಲ ವೈರಸ್, ಎಪ್‌ಸ್ಟೀನ್-ಬಾರ್ ವೈರಸ್.

ಇಷ್ಟೂ ಸಂಶೋಧನೆ. ಮಕ್ಕಳ ಗತಿ?

ಈ ಗಡ್ಡೆ ಬೆಳೆಯುವ ವೇಗ ಕೇಳಿದರೆ ಭಯವಾಗುತ್ತದೆ. ಒಂದೆರಡು ದಿನದಲ್ಲಿ ಎರಡರಷ್ಟಾಗಬಲ್ಲದು. ಮುಲಾಗೊದಲ್ಲಿ ಆಗ ರೇಡಿಯೇಷನ್ ಯಂತ್ರ ಇರಲಿಲ್ಲ. ಕೊಯ್ದು ತೆಗೆದರೆ ಮಗುವಿನ ಮುಖ ಹೋಗುತ್ತಿತ್ತು, ಜೀವವೂ ಉಳಿಯುತ್ತಿರಲಿಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಿಂದ ಬಂದ ವೈದ್ಯ ಜೋಸೆಫ್ ಬರ್ಷೆನಾಲ್, ಮಿಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟು ನೋಡಿ ಎಂದರು. ಕೊಟ್ಟರು. ಆಮೇಲೆ ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟಿನ್. ಗಡ್ಡೆ ಎಷ್ಟು ಬೇಗ ಬೆಳೆಯುತ್ತಿತ್ತೋ ಅಷ್ಟೇ ಬೇಗ ಕರಗಿತು. ಕಣ್ಣು ಮುಚ್ಚಿಹೋಗುವಷ್ಟು ಊದಿದ್ದ ಮುಖ ಕೆಲವೇ ದಿನಗಳಲ್ಲಿ ಮತ್ತೆ ಮಗುವಿನ ಮುಖವಾಗುತ್ತಿತ್ತು. ಊರು ದೂರ, ಬಸ್ಸಿಗೆ ಕಾಸಿಲ್ಲ ಅಂತ ಒಂದೆರಡು ಡೋಸ್ ತೆಗೆದುಕೊಂಡು ಹೋದವರು ಮತ್ತೆ ಬರುತ್ತಿರಲಿಲ್ಲ. ಸತ್ತಿರಬೇಕು ಎಂದುಕೊಂಡಿದ್ದ ಅಂಥವರಲ್ಲಿ ಕೆಲವು ಮಕ್ಕಳು ವರ್ಷಗಳ ನಂತರವೂ ಆರಾಮಾಗಿದ್ದರು! ಬರೀ ಔಷಧಿಯಿಂದ ಕ್ಯಾನ್ಸರ್ ವಾಸಿಯಾಗಬಹುದೇ ಎಂದು ಇಡೀ ಜಗತ್ತು ಅನುಮಾನದಲ್ಲಿದ್ದಾಗ ಹೌದು ಎಂದು ತೋರಿಸಿದವರಲ್ಲಿ ಉಗಾಂಡಾದ ಹಳ್ಳಿ ಮಕ್ಕಳೂ ಇದ್ದಾರೆ.

ಬರ್ಕಿಟ್ 1966ರಲ್ಲಿ ಉಗಾಂಡಾ ಬಿಟ್ಟರು. ಸಂಸ್ಥೆ ಹುಟ್ಟಿದ್ದು ಅವರು ಹೋದ ಮೇಲೆ.

1967ರಲ್ಲಿ ಮಕೆರೆರೆ ವಿಶ್ವವಿದ್ಯಾಲಯ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿ ಮುಲಾಗೊ ಗುಡ್ಡದಲ್ಲಿ ಲಿಂಫೋಮಾ ಚಿಕಿತ್ಸಾ ಕೇಂದ್ರ ತೆರೆದವು. ನಡೆಸಲು ಬಂದವರು ಮೂವತ್ತರ ಆಸುಪಾಸಿನ ಜಾನ್ ಜಿಗ್ಲರ್ ಎಂಬ ಅಮೆರಿಕನ್ ವೈದ್ಯ. ಎರಡು ವರ್ಷದಲ್ಲಿ, 1969ರಲ್ಲಿ, ಪಕ್ಕದಲ್ಲೇ ಇನ್ನೊಂದು ವಾರ್ಡು, ಯಕೃತ್ತಿನ ಕ್ಯಾನ್ಸರ್, ಚರ್ಮದ ಮೇಲೆ ಕಾಣಿಸಿಕೊಳ್ಳುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನಂಥ ದೊಡ್ಡವರ ಗಡ್ಡೆಗಳಿಗೆ. ಇದರ ಹಿಂದೆ ಉಗಾಂಡಾದ ಸರ್ಜನ್ ಸೆಬಾಸ್ಟಿಯನ್ ಚಲ್ವಾಜಿ ಇದ್ದರು. ಎರಡೂ ಸೇರಿ ಉಗಾಂಡಾ ಕ್ಯಾನ್ಸರ್ ಸಂಸ್ಥೆ. ದೊಡ್ಡ ಕಟ್ಟಡ ಏನಿಲ್ಲ. ಎರಡು ಸಣ್ಣ ವಾರ್ಡು, ಒಂದು ಪ್ರಯೋಗಾಲಯ, ಫೈಲು ಇಡುವ ಕೋಣೆ.

ಅಮೆರಿಕಕ್ಕೆ ಇದರಲ್ಲಿ ಏನು ಲಾಭ? ಅವರು ಆಗ ಮಕ್ಕಳ ರಕ್ತ ಕ್ಯಾನ್ಸರಿಗೆ ಔಷಧಿ ಹುಡುಕುತ್ತಿದ್ದರು. ಇಷ್ಟು ಬೇಗ ಬೆಳೆದು ಇಷ್ಟು ಬೇಗ ಕರಗುವ ಗಡ್ಡೆ ಅವರ ದೇಶದಲ್ಲಿ ಅಪರೂಪ, ಇಲ್ಲಿ ವಾರ್ಡು ತುಂಬ. ನೇರವಾಗಿ ಹೇಳಬೇಕೆಂದರೆ ಅವರಿಗೆ ಪ್ರಯೋಗಕ್ಕೆ ರೋಗಿಗಳು ಬೇಕಿತ್ತು. ಇಂಥ ಕಡೆ ರಕ್ತ, ಮಾಂಸದ ತುಣುಕು ತೆಗೆದುಕೊಂಡು ಹೋಗಿ, ಪೇಪರ್ ಬರೆದು, ಬೀಗ ಹಾಕಿ ಹೊರಡುವುದು ಮಾಮೂಲು. ಮುಲಾಗೊದಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು.

ಒಂದು, ಅವರು ಮಕ್ಕಳನ್ನು ಮನೆವರೆಗೂ ಹಿಂಬಾಲಿಸಿದರು. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಆರು ತಿಂಗಳು, ವರ್ಷ, ಐದು ವರ್ಷ ಬಿಟ್ಟು ಮಗು ಹೇಗಿದೆ ಎಂದು ನೋಡಲೇಬೇಕು. ಉಗಾಂಡಾದ ಹಳ್ಳಿಯಲ್ಲಿ ಮನೆ ನಂಬರಿಲ್ಲ, ಬೀದಿ ಹೆಸರಿಲ್ಲ. ಹಾಗಾಗಿ ದಾಖಲಾಗುವಾಗಲೇ ಕೂರಿಸಿಕೊಂಡು ಕೇಳಬೇಕು: ಯಾವ ಊರು, ಊರಿನ ಮುಖ್ಯಸ್ಥ ಯಾರು, ಹತ್ತಿರದ ಶಾಲೆ ಯಾವುದು, ಚರ್ಚು ಯಾವುದು, ಬಸ್ಸು ಎಲ್ಲಿ ನಿಲ್ಲುತ್ತದೆ. ಇದನ್ನು ಅಮೆರಿಕದಿಂದ ಬಂದ ವೈದ್ಯ ಕೇಳಿ ತಿಳಿಯುವುದು ಸಾಧ್ಯವೇ ಇಲ್ಲ. ಭಾಷೆ ಬಲ್ಲ ಉಗಾಂಡಾದ ಸಿಬ್ಬಂದಿಯೇ ಕೇಳಿ ಬರೆದುಕೊಂಡರು, ಮಗು ಬರದಿದ್ದಾಗ ಅವರೇ ಆ ಗುರುತು ಹಿಡಿದು ಹಳ್ಳಿಗೆ ಹೋದರು. ಎಷ್ಟೋ ಸಲ ಸಿಕ್ಕಿದ್ದು ಸಾವಿನ ಸುದ್ದಿ. ಅದನ್ನೂ ತಂದು ಫೈಲಿಗೆ ಬರೆದರು. ಈ ಕೆಲಸಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ. ಆದರೆ ಕಂಪಾಲಾದಿಂದ ಹೊರಬಿದ್ದ ಲೆಕ್ಕಗಳನ್ನು ಜಗತ್ತು ನಂಬಿದ್ದು ಈ ಫೈಲುಗಳ ಬಲದ ಮೇಲೆ. 1972ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಾಗ ಪಟ್ಟಿಯಲ್ಲಿ ಬರ್ಕಿಟ್, ಜಿಗ್ಲರ್ ಹೆಸರಿತ್ತು. ಹಳ್ಳಿ ಹಳ್ಳಿ ತಿರುಗಿದವರ ಹೆಸರೂ ಅಲ್ಲಿ ಇರಬೇಕಿತ್ತು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಇನ್ನೊಂದು ತರಬೇತಿ. ಚಾರ್ಲ್ಸ್ ಓಲ್ವೆನಿ ಎಂಬ ಉಗಾಂಡಾದ ಯುವ ವೈದ್ಯರು ಜಿಗ್ಲರ್ ಜೊತೆ ಅದೇ ವಾರ್ಡಿನಲ್ಲಿ, ಅದೇ ರೋಗಿಗಳ ಮೇಲೆ ಕೆಲಸ ಕಲಿತರು. ಎಡ್ವರ್ಡ್ ಕಟೊಂಗೊಲೆ-ಎಂಬಿಡ್ಡೆ ಅವರ ಹಿಂದೆ ಬಂದರು. ಪ್ರಯೋಗ ಹೇಗೆ ರೂಪಿಸುವುದು, ಯಾರಿಗೆ ಯಾವ ಔಷಧಿ ಎಂದು ಹೇಗೆ ನಿರ್ಧರಿಸುವುದು, ಎಲ್ಲದರಲ್ಲೂ ಅವರ ಪಾಲಿತ್ತು. ಹಾಗಾಗಿ ಕೆಟ್ಟ ಕಾಲ ಬಂದಾಗ ಬೀಗದ ಕೈ ತೆಗೆದುಕೊಳ್ಳಲು ಜನ ಇದ್ದರು.

ಕೆಟ್ಟ ಕಾಲ ಬೇಗ ಬಂತು. 1971ರ ಜನವರಿಯಲ್ಲಿ ಸೇನೆಯ ಇದಿ ಅಮೀನ್ ಅಧಿಕಾರ ಹಿಡಿದ. 1972ರ ಆಗಸ್ಟಿನಲ್ಲಿ ಏಷ್ಯಾ ಮೂಲದವರೆಲ್ಲ 90 ದಿನದಲ್ಲಿ ದೇಶ ಬಿಡಬೇಕು ಎಂದ. ಅವರಲ್ಲಿ ಹೆಚ್ಚಿನವರು ನಮ್ಮ ಕಡೆಯಿಂದ, ಅದರಲ್ಲೂ ಗುಜರಾತಿನಿಂದ, ಹೋಗಿ ತಲೆಮಾರುಗಳಿಂದ ಅಲ್ಲಿ ಬೇರೂರಿದವರು. ಅಂಗಡಿಯವರ ಜೊತೆ ವೈದ್ಯರು, ಔಷಧಿ ವ್ಯಾಪಾರಿಗಳು, ಮೇಷ್ಟ್ರುಗಳೂ ಹೊರಟರು. ಬಿಳಿಯ ಪ್ರಾಧ್ಯಾಪಕರು ಹೊರಟರು. ಜಿಗ್ಲರ್ ಮತ್ತು ಉಳಿದ ಅಮೆರಿಕನ್ನರೂ ಹೊರಟರು. 1973ರ ಕೊನೆಗೆ ಅಮೆರಿಕದ ರಾಯಭಾರ ಕಚೇರಿಯೇ ಮುಚ್ಚಿತು. ಹುಟ್ಟಿ ಕೆಲವೇ ವರ್ಷವಾದ ಸಂಸ್ಥೆ, ಕಟ್ಟಿದವರು ಇಲ್ಲ, ಊರಲ್ಲಿ ಸಕ್ಕರೆ ಉಪ್ಪಿಗೂ ಪರದಾಟ, ರಾತ್ರಿ ಹೊರಗೆ ಹೋದವರು ವಾಪಸು ಬರುತ್ತಾರೋ ಇಲ್ಲವೋ ಅನ್ನುವ ಭಯ.

ವಾರ್ಡು ಮುಚ್ಚಲಿಲ್ಲ. ಓಲ್ವೆನಿ ನಿರ್ದೇಶಕರಾದರು. ಕೆಲಸ ನಡೆದದ್ದು ಮಾತ್ರವಲ್ಲ, ಒಳ್ಳೆ ಕೆಲಸ ನಡೆಯಿತು, ಇದನ್ನು ಓದಿದಾಗೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಕಿಮೋ ಹಾಕಿಸಿಕೊಂಡವರ ಮನೆಗಳಲ್ಲಿ ಅಡ್ರಿಯಾಮೈಸಿನ್ ಅಂದರೆ, ಅಥವಾ ಡಾಕ್ಸೊರುಬಿಸಿನ್ ಅಂದರೆ, ಗೊತ್ತಿರುತ್ತದೆ. ಟ್ಯೂಬಿನಲ್ಲಿ ಕೆಂಪಗೆ ಇಳಿಯುವ ಔಷಧಿ. ಯಕೃತ್ತಿನ ಕ್ಯಾನ್ಸರಿಗೆ ಅದನ್ನು ಕೊಟ್ಟು ಏನಾಗುತ್ತದೆ ಎಂದು ಓಲ್ವೆನಿ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದರು, ಅಮೀನನ ಕಂಪಾಲಾದಿಂದ. ಅಲ್ಲಿಂದ ಮುಂದೆ ದಶಕಗಳ ಕಾಲ ಜಗತ್ತಿನಾದ್ಯಂತ ವೈದ್ಯರು ಆ ಕಾಯಿಲೆಗೆ ಆ ಔಷಧಿ ಬಳಸಿದರು. 1978ರಲ್ಲಿ ಇನ್ನೊಂದು ಬರಹ, ಹಾಜ್‌ಕಿನ್ ಕಾಯಿಲೆ ಎಂಬ ಇನ್ನೊಂದು ಬಗೆಯ ಲಿಂಫೋಮಾ ಇದ್ದ ಮಕ್ಕಳ ಹತ್ತು ವರ್ಷದ ಅನುಭವ. ಬೇರೆ ದೇಶಗಳಲ್ಲಿ ಈ ಮಕ್ಕಳಿಗೆ ರೇಡಿಯೇಷನ್ ಕೊಡುತ್ತಿದ್ದರು. ಇಲ್ಲಿ ಯಂತ್ರ ಇರಲಿಲ್ಲ, ಬರೀ ಔಷಧಿಯಲ್ಲೇ ವಾಸಿ ಮಾಡಲು ನೋಡಿದರು, ಬಹಳಷ್ಟು ಮಕ್ಕಳು ಉಳಿದರು. ರೇಡಿಯೇಷನ್ ಬೆಳೆಯುವ ಮಕ್ಕಳ ಮೂಳೆಗೆ ಮಾಡುವ ಹಾನಿ ಆಮೇಲಾಮೇಲೆ ಎಲ್ಲರಿಗೂ ಅರಿವಾದಾಗ, ಅದಿಲ್ಲದೆಯೂ ಆಗುತ್ತದೆ ಎಂಬುದಕ್ಕೆ ಕಂಪಾಲಾದ ಫೈಲುಗಳಲ್ಲಿ ಆಗಲೇ ಸಾಕ್ಷಿ ಇತ್ತು. ಅದೇ ವರ್ಷಗಳಲ್ಲಿ ದೇಶದ ವಾಯುವ್ಯ ಮೂಲೆಯ ವೆಸ್ಟ್ ನೈಲ್‌ನಲ್ಲಿ ಅಂತರರಾಷ್ಟ್ರೀಯ ತಂಡವೊಂದು ಸುಮಾರು 42,000 ಮಕ್ಕಳ ರಕ್ತ ತೆಗೆದಿಟ್ಟು, ಯಾರಿಗೆ ಮುಂದೆ ಗಡ್ಡೆ ಬರುತ್ತದೆ ಎಂದು ಕಾದು ನೋಡಿತು. ಎಪ್‌ಸ್ಟೀನ್-ಬಾರ್ ವೈರಸ್ಸಿಗೂ ಈ ಕ್ಯಾನ್ಸರಿಗೂ ಇರುವ ನಂಟಿಗೆ ಗಟ್ಟಿ ಪುರಾವೆ ಸಿಕ್ಕಿದ್ದು ಅಲ್ಲಿ.

ಜಿಗ್ಲರ್ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದರು. 1980ರ ದಶಕದ ಮೊದಲಲ್ಲಿ ಅಲ್ಲಿ ಏಡ್ಸ್ ಕಾಣಿಸಿಕೊಂಡಾಗ, ಯುವಕರಲ್ಲಿ ಬೆಳೆಯುತ್ತಿದ್ದ ಲಿಂಫೋಮಾಗಳನ್ನು ಏಡ್ಸ್ ಜೊತೆ ಜೋಡಿಸಿ 1984ರಲ್ಲಿ ಬರೆದವರಲ್ಲಿ ಅವರು ಮೊದಲಿಗರು. ಕಂಪಾಲಾದಲ್ಲಿ ಪಳಗಿದ ಕಣ್ಣು ಅದು. ಅಂದರೆ ತರಬೇತಿ ಎರಡೂ ಕಡೆಗೆ ಹರಿದಿತ್ತು.

ಇಲ್ಲಿವರೆಗೂ ಹೊಗಳಿದೆ. ಈಗ ತಪ್ಪಿದ್ದು.

ತರಬೇತಿ ಪಡೆದವರು ತೀರಾ ಕಡಿಮೆ. ಒಬ್ಬರ ಹಿಂದೆ ಒಬ್ಬರು, ಅಷ್ಟೇ. ಪಕ್ಕಪಕ್ಕಕ್ಕೆ ಹತ್ತು ಜನ ಬೆಳೆಯಲಿಲ್ಲ. ಅಮೀನ್ 1979ರಲ್ಲಿ ಓಡಿಹೋದ ಮೇಲೂ ದೇಶದ ಗಲಾಟೆ ನಿಲ್ಲಲಿಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಓಲ್ವೆನಿಯೂ ದೇಶ ಬಿಟ್ಟರು. ಕಟೊಂಗೊಲೆ-ಎಂಬಿಡ್ಡೆ ಒಬ್ಬರೇ ಹೆಗಲು ಕೊಟ್ಟರು. ಆ ಹೊತ್ತಿಗೇ ಎಚ್‌ಐವಿ ಬಂತು. ಮೊದಲು ವಯಸ್ಸಾದ ಗಂಡಸರಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಕಪೋಸಿ ಸಾರ್ಕೋಮಾ ಈಗ ಹರೆಯದವರಲ್ಲಿ ಉಗ್ರವಾಗಿ ಕಾಣಿಸಿಕೊಂಡಿತು. ಪ್ರಯೋಗಕ್ಕೆ ಅಂತ ಆರಿಸಿಕೊಂಡ ಕೆಲವೇ ರೋಗಿಗಳಿಗಾಗಿ ಕಟ್ಟಿದ್ದ ಪುಟ್ಟ ವಾರ್ಡುಗಳು ಇಡೀ ದೇಶದ ಕ್ಯಾನ್ಸರ್ ಆಸ್ಪತ್ರೆಯಾಗಬೇಕಾಯಿತು. ಔಷಧಿ ಇಲ್ಲ, ಹಾಸಿಗೆ ಇಲ್ಲ, ನೆಲದ ಮೇಲೆ ಚಾಪೆ. 2004ರಲ್ಲಿ ಜಾಕ್ಸನ್ ಓರೆಮ್ ಎಂಬ ಉಗಾಂಡಾದ ವೈದ್ಯರು ಸಂಸ್ಥೆಯ ಹೊಣೆ ಹೊತ್ತಾಗ, ಎರಡೂವರೆ ಕೋಟಿಗೂ ಹೆಚ್ಚು ಜನರಿರುವ ದೇಶಕ್ಕೆ ಕ್ಯಾನ್ಸರ್ ತಜ್ಞರು ಅಂತ ಇದ್ದದ್ದು ಅವರೊಬ್ಬರೇ. 1967ರಲ್ಲಿ ಶುರುವಾದ ತರಬೇತಿ ಕೇಂದ್ರ, 37 ವರ್ಷದ ನಂತರ ಒಬ್ಬ ವೈದ್ಯ! ಇದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಈ ಕೊರತೆ ಉಗಾಂಡಾ ಒಂದರದ್ದೇ ಅಲ್ಲ. ಹೊರದೇಶಗಳಿಗೆ ಹೋಗಿ ನೆಲೆಸಿದ್ದ ಆಫ್ರಿಕಾದ ಕ್ಯಾನ್ಸರ್ ವೈದ್ಯರು, ವಿಜ್ಞಾನಿಗಳು ಮತ್ತು ಅವರ ಗೆಳೆಯರು 1983ರಲ್ಲಿ ಇಡೀ ಖಂಡಕ್ಕೆ ಅಂತ ಕ್ಯಾನ್ಸರ್ ಸಂಶೋಧನೆ ಮತ್ತು ತರಬೇತಿಯ ಆಫ್ರಿಕನ್ ಸಂಘಟನೆಯನ್ನು ಕಟ್ಟಿದರು. ಅದು ಕೆಲವು ವರ್ಷ ನಡೆದು ಮಲಗಿಬಿಟ್ಟಿತು, 2000ದಲ್ಲಿ ಮತ್ತೆ ಎಬ್ಬಿಸಿದರು. ಈಗ ಕೇಪ್‌ಟೌನಿನಲ್ಲಿ ಅದರ ಕಚೇರಿ ಇದೆ. ಎರಡು ವರ್ಷಕ್ಕೊಮ್ಮೆ ಸಮ್ಮೇಳನ ನಡೆಯುತ್ತದೆ. ಕಟ್ಟಿದವರೇ ಊರು ಬಿಟ್ಟವರು ಅನ್ನುವುದು ಗಮನಿಸಬೇಕಾದ್ದು. ಕಲಿತವರನ್ನು ಊರಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಓರೆಮ್ ಬಂದ ವರ್ಷವೇ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಜೊತೆ ಮಾತುಕತೆ ಶುರುವಾಯಿತು. ಮತ್ತೆ ಅಮೆರಿಕನ್ನರು, ಮತ್ತೆ ವೈರಸ್ಸಿನಿಂದ ಬರುವ ಕ್ಯಾನ್ಸರ್‌ಗಳು. ಈ ಸಲ ಉಗಾಂಡಾದ ವೈದ್ಯರನ್ನು ಒಬ್ಬೊಬ್ಬರನ್ನಾಗಿ ಅಲ್ಲ, ತಂಡತಂಡವಾಗಿ ಸಿಯಾಟಲ್‌ಗೆ ಕಳಿಸಿ ಕರೆಸಿಕೊಂಡರು. 2015ರ ಮೇ ತಿಂಗಳಲ್ಲಿ ಮುಲಾಗೊ ಗುಡ್ಡದಲ್ಲಿ ಇಬ್ಬರೂ ಸೇರಿ ಕಟ್ಟಿದ ಹೊಸ ಕಟ್ಟಡ ತೆರೆಯಿತು. 2016ರಲ್ಲಿ ಕಾನೂನು ಬಂದು ಸಂಸ್ಥೆಗೆ ತನ್ನದೇ ಅಧಿಕಾರ ಸಿಕ್ಕಿತು.

ಅದೇ 2016ರಲ್ಲಿ ದೇಶದ ಒಂದೇ ಒಂದು ರೇಡಿಯೇಷನ್ ಯಂತ್ರ ಕೆಟ್ಟು ನಿಂತಿತು. 1995ರ ಯಂತ್ರ, ರಿಪೇರಿಯ ಮಟ್ಟ ದಾಟಿತ್ತು. ಹೊಸದು ಬರುವವರೆಗೂ, ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಕೈಲಾದವರು ನೈರೋಬಿಗೆ ಹೋದರು, ಆಗದವರು ಮನೆಗೆ ಹೋದರು. 2018ರ ಜುಲೈನಲ್ಲಿ ಭಾರತದ ಪ್ರಧಾನಿ ಉಗಾಂಡಾದ ಸಂಸತ್ತಿನಲ್ಲಿ ಮಾತಾಡುವಾಗ ಈ ಸಂಸ್ಥೆಗೆ ಒಂದು ಕ್ಯಾನ್ಸರ್ ಚಿಕಿತ್ಸಾ ಯಂತ್ರ ಕೊಡುವುದಾಗಿ ಹೇಳಿದರು. ಅದು ಭಾಭಾಟ್ರಾನ್. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ್ದು, ತಯಾರಿಸುವುದು ನಮ್ಮ ಬೆಂಗಳೂರಿನ ಕಂಪನಿ. ಕರೆಂಟು ಹೋಗಿಬರುವ ಊರುಗಳಲ್ಲೂ ಕೆಲಸ ಮಾಡಬೇಕು, ಬೆಲೆ ಕಡಿಮೆ ಇರಬೇಕು ಅಂತಲೇ ಮಾಡಿದ ಯಂತ್ರ. ಬೆಂಗಳೂರಿಗೂ ಮುಲಾಗೊ ಗುಡ್ಡಕ್ಕೂ ಹೀಗೊಂದು ನಂಟಿದೆ.

ಯಂತ್ರ ಕೊಟ್ಟರೆ ಅದರ ಪಕ್ಕ ನಿಲ್ಲಲು ಜನ ಬೇಕಲ್ಲ. ಅಲ್ಲಿಗೇ ಮತ್ತೆ ಬಂದೆವು. ಈಗ ಕಂಪಾಲಾದಲ್ಲೇ ಮಕ್ಕಳ ಕ್ಯಾನ್ಸರ್ ತಜ್ಞರಾಗುವ ತರಬೇತಿ ಸಿಗುತ್ತದೆ. ಅದಕ್ಕಾಗಿ ಅಮೆರಿಕಕ್ಕೋ ಯುರೋಪಿಗೋ ಹೋಗಲೇಬೇಕು ಅಂತಿಲ್ಲ. ಬರ್ಕಿಟ್ ಲಿಂಫೋಮಾ ಇರುವ ಮಕ್ಕಳು ಈಗಲೂ ಬರುತ್ತಾರೆ, ಈಗಲೂ ಎಷ್ಟೋ ಮಕ್ಕಳು ತಡವಾಗಿ ಬರುತ್ತಾರೆ, ಅದೇ ಸೈಕ್ಲೊಫಾಸ್ಫಮೈಡ್, ಅದೇ ವಿನ್‌ಕ್ರಿಸ್ಟಿನ್. ದವಡೆ ಊದಿದ ಮಗುವನ್ನು ತಾಯಿ ಮಡಿಲಲ್ಲಿ ಕೂರಿಸಿಕೊಂಡು ಕಾಯುತ್ತಿರುತ್ತಾಳೆ. ಯಾವ ಊರು, ಎಷ್ಟು ದೂರ, ಮತ್ತೆ ಬರಲು ಆಗುತ್ತದೋ ಎಂದು ಅವಳ ಭಾಷೆಯಲ್ಲೇ ಕೇಳಿ ಫೈಲಿಗೆ ಬರೆದುಕೊಳ್ಳುವವರು ಎದುರಿಗಿರುತ್ತಾರೆ.